ತಸ್ತೀಕಿನಿಂದ ಸಂವಿಧಾನದವರೆಗೆ : ಕನ್ನಡ ಕರಾವಳಿಯಲ್ಲಿ ಧರ್ಮ ಮತ್ತು ಸರ್ಕಾರದ ಗಡಿರೇಖೆ

ಧರ್ಮ ಮತ್ತು ಪ್ರಭುತ್ವಗಳು ಪರಸ್ಪರ ಬೇರೆಯಾಗಿರಬೇಕೆಂಬ ವಿಚಾರದ ಚರಿತ್ರೆಯನ್ನು ಬರೆಯುವವರು ಯುರೋಪಿನ ಧರ್ಮಯುದ್ಧಗಳಿಂದಲೋ 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ಮೊದಲ ತಿದ್ದುಪಡಿಯಿಂದಲೋ ಆರಂಭಿಸಿ, ಅಲ್ಲಿಂದ ನೇರವಾಗಿ ದೆಹಲಿಯ ಸಂವಿಧಾನ ರಚನಾ ಸಭೆಗೆ ಬರುವುದು ವಾಡಿಕೆಯಾಗಿದೆ. ಈ ದಾರಿಯಲ್ಲಿ ಕನ್ನಡನಾಡಿನ ಕರಾವಳಿ ಎದುರಾಗುವುದಿಲ್ಲ. ಆದರೆ ಸ್ವತಂತ್ರ ಭಾರತದಲ್ಲಿ ಧರ್ಮಕ್ಕೆ ಸಂಬಂಧಿಸಿದ ಪ್ರತಿಯೊಂದು ಪ್ರಮುಖ ವ್ಯಾಜ್ಯದಲ್ಲಿಯೂ ಉಲ್ಲೇಖಗೊಳ್ಳುವ ಎರಡು ತೀರ್ಪುಗಳು ಹುಟ್ಟಿದ್ದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ: ಒಂದು ಉಡುಪಿಯ ಶೀರೂರು ಮಠದ್ದು, ಇನ್ನೊಂದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು. ಇವು ಈ ಜಿಲ್ಲೆಯಲ್ಲಿ ಹುಟ್ಟಿದ್ದು ಆಕಸ್ಮಿಕವೆಂದು ಹೇಳುವಂತಿಲ್ಲ. ದೇವಸ್ಥಾನಗಳನ್ನು ಸರ್ಕಾರ ತನ್ನ ಕೈಯಲ್ಲಿಟ್ಟುಕೊಳ್ಳುವುದು, ಬಿಟ್ಟುಬಿಡುವುದು, ಮತ್ತೆ ತೆಗೆದುಕೊಳ್ಳುವುದು ಎಂಬ ಮೂರು ಪ್ರಯೋಗಗಳನ್ನೂ ಒಂದೂವರೆ ಶತಮಾನದೊಳಗೆ ಕಂಡ ಪ್ರದೇಶವಿದು. ಆ ಪ್ರಯೋಗಗಳ ಕಾಲದಲ್ಲಿ ವಾದದ ವಸ್ತುವೇ ಹೇಗೆ ಬದಲಾಯಿತು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಹಣದ ಲೆಕ್ಕ ಯಾರದು ಎಂಬ ಪ್ರಶ್ನೆಯಿಂದ ಮೊದಲಾದ ಚರ್ಚೆ, ಧರ್ಮ ಯಾವುದೆಂದು ಹೇಳುವವರು ಯಾರು ಎಂಬ ಪ್ರಶ್ನೆಗೆ ಬಂದು ನಿಂತಿತು.

ಬ್ರಿಟಿಷರಿಗಿಂತ ಹಿಂದಿನ ಕಾಲದಲ್ಲಿ ಈ ಪ್ರಶ್ನೆ ಈ ರೂಪದಲ್ಲಿ ಇರಲಿಲ್ಲ. ದೇವಾಲಯಕ್ಕೆ ದತ್ತಿ ಕೊಡುವುದು, ಅದರ ವಿವಾದಗಳನ್ನು ತೀರಿಸುವುದು ಅರಸನ ಕರ್ತವ್ಯವೆಂದು ಎಲ್ಲರೂ ಒಪ್ಪಿದ್ದರು. ಅರಸನ ಸ್ವಂತ ಮತ ಇದಕ್ಕೆ ಅಡ್ಡಿಯಾಗಿರಲಿಲ್ಲ. ವೀರಶೈವರಾಗಿದ್ದ ಕೆಳದಿಯ ಅರಸರು ಶೃಂಗೇರಿ ಮಠಕ್ಕೂ ಕೊಲ್ಲೂರಿನ ಮೂಕಾಂಬಿಕೆಗೂ ದತ್ತಿಗಳನ್ನು ನೀಡಿದರು. ಶೃಂಗೇರಿಯ ಜಗದ್ಗುರುಗಳಿಗೆ ಟಿಪ್ಪು ಸುಲ್ತಾನ ಬರೆಸಿದ ಕನ್ನಡ ಪತ್ರಗಳು ಆರ್. ನರಸಿಂಹಾಚಾರ್ಯರ ಶೋಧದಿಂದ 1916ರಲ್ಲಿ ಬೆಳಕಿಗೆ ಬಂದುದು ವಿದ್ವಾಂಸರಿಗೆ ತಿಳಿದ ವಿಷಯವೇ. ಇದನ್ನು ಇಂದಿನ ಅರ್ಥದ ಧರ್ಮನಿರಪೇಕ್ಷತೆ ಎನ್ನುವುದು ಸರಿಯಾಗದು. ಅದು ಧರ್ಮದಿಂದ ದೂರ ನಿಂತ ಪ್ರಭುತ್ವವಲ್ಲ, ತನ್ನ ಆಳ್ವಿಕೆಯೊಳಗಿನ ಎಲ್ಲ ಪೂಜಾಸ್ಥಾನಗಳಿಗೂ ತಾನೇ ಒಡೆಯನೆಂದು ಭಾವಿಸಿದ ಪ್ರಭುತ್ವ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕೆನರಾ ಕಂಪನಿಯ ವಶಕ್ಕೆ ಬಂದಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ದೇವಸ್ಥಾನಗಳ ಉಂಬಳಿ ಭೂಮಿಗಳಲ್ಲಿ ಬಹುಭಾಗ ಟಿಪ್ಪುವಿನ ಕಾಲದಲ್ಲಿಯೇ ಸರ್ಕಾರಕ್ಕೆ ಸೇರಿಹೋಗಿತ್ತು. ಹೊಸ ಆಡಳಿತವು ಆ ಭೂಮಿಗಳ ಬದಲಿಗೆ ವರ್ಷಕ್ಕಿಷ್ಟು ಎಂದು ನಗದು ಕೊಡುವ ಪದ್ಧತಿಯನ್ನು ಮುಂದುವರಿಸಿತು. ಇದೇ ತಸ್ತೀಕು. ಪದ ಪಾರಸಿ ಆಡಳಿತ ಭಾಷೆಯಿಂದ ಬಂದದ್ದು. ಇಂದಿಗೂ ಕರ್ನಾಟಕದ ಸಣ್ಣ ದೇವಸ್ಥಾನಗಳ ಅರ್ಚಕರ ಬಾಯಲ್ಲಿ ಅದು ಉಳಿದಿದೆ. ಮೇಲ್ನೋಟಕ್ಕೆ ಇದು ಕೇವಲ ಲೆಕ್ಕದ ಅನುಕೂಲ. ಆದರೆ ಭೂಮಿಯಿಂದ ನಗದಿಗೆ ಬಂದ ಈ ಬದಲಾವಣೆಯ ಪರಿಣಾಮ ಸಣ್ಣದಲ್ಲ. ಭೂಮಿ ಇದ್ದ ದೇವರು ತನ್ನ ಗೇಣಿಯನ್ನು ತಾನೇ ಪಡೆಯುತ್ತಿದ್ದನು. ತಸ್ತೀಕಿನ ದೇವರ ನೈವೇದ್ಯದ ಅಕ್ಕಿ ಮಾತ್ರ ತಾಲ್ಲೂಕು ಖಜಾನೆಯಿಂದ ಹಣ ಬಿಡುಗಡೆಯಾದ ಮೇಲೆ ಬರಬೇಕಾಯಿತು. ಹಣ ಕೊಡುವವನು ಅದು ಏನಾಯಿತೆಂದು ಕೇಳದೆ ಇರಲಾರ. 1817ರ ಮದರಾಸಿನ 7ನೆಯ ರೆಗ್ಯುಲೇಷನ್ ಈ ಕೇಳುವ ಅಧಿಕಾರಕ್ಕೆ ಕಾನೂನಿನ ರೂಪ ಕೊಟ್ಟಿತು. ದೇವಸ್ಥಾನ, ಮಸೀದಿ, ಛತ್ರ, ಸೇತುವೆಗಳಿಗೆ ಬಿಟ್ಟ ದತ್ತಿಗಳು ದಾನಿಯ ಉದ್ದೇಶಕ್ಕೇ ಸಲ್ಲುತ್ತಿವೆಯೇ ಎಂದು ನೋಡುವ ಹೊಣೆ ರೆವಿನ್ಯೂ ಬೋರ್ಡಿನದಾಯಿತು. ಸೇತುವೆಯೂ ದೇವರೂ ಒಂದೇ ಕಾನೂನಿನಲ್ಲಿ ಬಂದುದರಲ್ಲಿ ಕಂಪನಿಯ ದೃಷ್ಟಿ ಸ್ಪಷ್ಟವಾಗುತ್ತದೆ; ಅದರ ಕಣ್ಣಿಗೆ ಇವೆಲ್ಲವೂ ದುರುಪಯೋಗವಾಗಬಹುದಾದ ಆಸ್ತಿಗಳು.

ಈ ವ್ಯವಸ್ಥೆಯನ್ನು ವಿರೋಧಿಸಿದ ಮೊದಲಿಗರು ಹಿಂದೂಗಳಲ್ಲ, ಕ್ರೈಸ್ತರು. ಈ ಅಂಶವನ್ನು ಇಂದಿನ ಚರ್ಚೆಗಳು ಮರೆತೇಬಿಟ್ಟಿವೆ. ಕ್ರೈಸ್ತ ಸರ್ಕಾರವೊಂದು ವಿಗ್ರಹಾರಾಧನೆಯ ಮೇಲ್ವಿಚಾರಣೆ ನಡೆಸುವುದು, ಉತ್ಸವಗಳಿಗೆ ಸೈನಿಕ ಗೌರವ ಸಲ್ಲಿಸುವುದು, ರಥ ಎಳೆಯಲು ರೈತರನ್ನು ಅಧಿಕಾರದ ಬಲದಿಂದ ಕರೆತರುವುದು ಪಾಪವೆಂದು ಇಂಗ್ಲೆಂಡಿನ ಮಿಷನರಿ ವಲಯಗಳು ವಾದಿಸಿದವು. 1833ರ ಫೆಬ್ರವರಿ 20ರ ಪತ್ರದಲ್ಲಿ ಕಂಪನಿಯ ನಿರ್ದೇಶಕ ಮಂಡಳಿಯು ದೇವಾಲಯಗಳ ಒಳ ಆಡಳಿತದಿಂದ ಸರ್ಕಾರ ಹಿಂದೆ ಸರಿಯಬೇಕೆಂಬ ತತ್ತ್ವವನ್ನು ಒಪ್ಪಿಕೊಂಡಿತು. ಜಾರಿಗೆ ತರುವ ಆತುರವನ್ನು ಮಾತ್ರ ತೋರಲಿಲ್ಲ. 1836ರಲ್ಲಿ ಮದರಾಸಿನ ಬಿಷಪ್ ಡೇನಿಯಲ್ ಕೋರಿಯ ಮೂಲಕ ಪಾದ್ರಿಗಳೂ ಅಧಿಕಾರಿಗಳೂ ಸಹಿ ಮಾಡಿದ ಮನವಿಯೊಂದು ಸಲ್ಲಿಕೆಯಾಯಿತು. ಮದರಾಸು ಸೈನ್ಯದ ದಂಡನಾಯಕ ಸರ್ ಪೆರಿಗ್ರಿನ್ ಮೈಟ್‌ಲೆಂಡ್ ಇದೇ ಕಾರಣಕ್ಕೆ 1838ರಲ್ಲಿ ಹುದ್ದೆ ಬಿಟ್ಟನು. ಮುಂದಿನ ದಶಕದಲ್ಲಿ ಕಲೆಕ್ಟರುಗಳು ದೇವಸ್ಥಾನಗಳನ್ನು ಒಂದೊಂದಾಗಿ ಸ್ಥಳೀಯರ ಕೈಗೆ ಒಪ್ಪಿಸತೊಡಗಿದರು. 1863ರ 20ನೆಯ ಆಕ್ಟು ಈ ಬಿಡುಗಡೆಯನ್ನು ಪೂರ್ಣಗೊಳಿಸಿತು. ಅಂದಿನಿಂದ ಸರ್ಕಾರಿ ಅಧಿಕಾರಿ ಯಾವುದೇ ಧಾರ್ಮಿಕ ಸಂಸ್ಥೆಯ ಆಸ್ತಿಯ ಮೇಲ್ವಿಚಾರಣೆ ವಹಿಸಕೂಡದೆಂದು ನಿಯಮವಾಯಿತು.

ಈ ಬಿಡುಗಡೆಯಲ್ಲಿ ದೇವಸ್ಥಾನಗಳ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ. ಉಳಿಸಬೇಕಾಗಿದ್ದುದು ಸರ್ಕಾರದ ಆತ್ಮಸಾಕ್ಷಿಯನ್ನು. ದೇವಾಲಯದ ಸ್ವಾತಂತ್ರ್ಯ ಅದರಿಂದ ಒದಗಿದ ಉಪಫಲ. ಕಲೆಕ್ಟರನ ಸ್ಥಾನದಲ್ಲಿ 1863ರ ಆಕ್ಟು ದೇವಸ್ಥಾನ ಸಮಿತಿಗಳನ್ನು ನಿಲ್ಲಿಸಿತು. ಸಮಿತಿಯ ಸದಸ್ಯತ್ವ ಜೀವಾವಧಿಯದು. ಲೆಕ್ಕ ಒಪ್ಪಿಸದ ಮೊಕ್ತೇಸರನ ಮೇಲೆ ಸಮಿತಿಗೆ ಹೇಳಿಕೊಳ್ಳುವಂಥ ಅಧಿಕಾರವೇನೂ ಇರಲಿಲ್ಲ. ದೂರಿದ್ದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಹೀಗೆ ಸರ್ಕಾರದ ಕಛೇರಿಯಿಂದ ಬಿಡುಗಡೆಯಾದ ದೇವರು ನ್ಯಾಯಾಲಯದ ಕಕ್ಷಿಗಾರನಾದನು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣದಡಿ ಹೂಡಿದ ದಾವೆಗಳಲ್ಲಿ ದೇವಸ್ಥಾನಗಳಿಗೆ ‘ಸ್ಕೀಮು’ ರಚಿಸುವ ಕೆಲಸವನ್ನು ನ್ಯಾಯಾಧೀಶರೇ ಮಾಡತೊಡಗಿದರು. ಈ ಕಾನೂನನ್ನು ಬದಲಿಸಬೇಕೆಂದು ಮದರಾಸಿನಲ್ಲಿ ಹಲವು ಮಸೂದೆಗಳು ಬಂದರೂ ಧರ್ಮದ ವಿಷಯದಲ್ಲಿ ಮತ್ತೆ ಕೈಹಾಕಲು ಭಾರತ ಸರ್ಕಾರ ಒಪ್ಪಲಿಲ್ಲ. 1857ರ ನೆನಪು ಅದಕ್ಕೆ ಇನ್ನೂ ಹಸಿಯಾಗಿತ್ತು.

ಇದೇ ಕಾಲದಲ್ಲಿ ಘಟ್ಟದ ಮೇಲೆ ನಡೆದದ್ದು ಇದಕ್ಕೆ ತದ್ವಿರುದ್ಧ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡ ಬ್ರಿಟಿಷ್ ಕಮಿಷನರುಗಳು 1881ರವರೆಗೆ ಮೈಸೂರನ್ನು ಆಳಿದರು. ಮಾರ್ಕ್ ಕಬ್ಬನ್ ಒಬ್ಬನೇ 1834ರಿಂದ 1861ರವರೆಗೆ ಆ ಹುದ್ದೆಯಲ್ಲಿದ್ದನು. ಮೈಸೂರು ಸಂಸ್ಥಾನವಾದ್ದರಿಂದ ಮದರಾಸಿನ ಶಾಸನ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಮಂಗಳೂರಿನ ಕಲೆಕ್ಟರನು ಯಾವುದನ್ನು ಪಾಪವೆಂದು ಬಿಡಬೇಕಾಯಿತೋ ಅದನ್ನೇ ಮೈಸೂರಿನ ಬ್ರಿಟಿಷ್ ಅಧಿಕಾರಿಯು ಅಮಲ್ದಾರರ ಮೂಲಕ ಮುಜರಾಯಿ ಎಂಬ ಹೆಸರಿನಲ್ಲಿ ನಡೆಸಿದನು. ದೇವಸ್ಥಾನಗಳ ಜೊತೆಗೆ ದರ್ಗಾಗಳೂ ಮುಜರಾಯಿಯ ಪಟ್ಟಿಯಲ್ಲಿದ್ದವು. ಈ ಪದ್ಧತಿ 1881ರ ಬಳಿಕವೂ ಮುಂದುವರಿದು, 1927ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾನೂನಿನಲ್ಲಿ ಪಕ್ವರೂಪ ಪಡೆಯಿತು. ಮೈಸೂರಿನಲ್ಲಿ ವಾದ ಹುಟ್ಟಲಿಲ್ಲವೆಂದಲ್ಲ. ಆದರೆ ಸರ್ಕಾರಕ್ಕೆ ದೇವಸ್ಥಾನದೊಡನೆ ಸಂಬಂಧವಿರಬಹುದೇ ಎಂಬ ಮೂಲಪ್ರಶ್ನೆ ಅಲ್ಲಿ ಏಳಲಿಲ್ಲ. ಮಹಾರಾಜರು ದಸರೆಯ ಸಿಂಹಾಸನದ ಮೇಲೆ ಕುಳಿತಿರುವಾಗ ಆ ಪ್ರಶ್ನೆಗೆ ಎಡೆಯೂ ಇರಲಿಲ್ಲ. ಒಂದೇ ಸಾಮ್ರಾಜ್ಯದ ಎರಡು ನೀತಿಗಳ ನಡುವೆ ಒಂದು ಘಟ್ಟಸಾಲಷ್ಟೇ ಅಂತರವಿದ್ದುದು ಗಮನಾರ್ಹ.

ಮದರಾಸಿನಲ್ಲಿ ಸರ್ಕಾರವನ್ನು ಮತ್ತೆ ದೇವಸ್ಥಾನದೊಳಗೆ ಕರೆದವರು ಭಾರತೀಯ ಶಾಸಕರು. ಪಾನಗಲ್ ರಾಜರ ನೇತೃತ್ವದ ಜಸ್ಟಿಸ್ ಪಕ್ಷದ ಮಂತ್ರಿಮಂಡಲವು ಮಂಡಿಸಿದ ಮಸೂದೆ 1925ರಲ್ಲಿ ಕಾನೂನಾಯಿತು. ಅದರ ಸಿಂಧುತ್ವಕ್ಕೆ ಆಕ್ಷೇಪಗಳು ಬಂದುದರಿಂದ 1927ರಲ್ಲಿ 2ನೆಯ ಆಕ್ಟಾಗಿ ಪುನಃ ಜಾರಿಗೊಂಡಿತು. ದೇವಸ್ಥಾನಗಳ ಮೇಲೆ ಕಮಿಷನರುಗಳ ಬೋರ್ಡೊಂದು ಬಂದಿತು. ಪರ ವಹಿಸಿದವರ ವಾದ ಸರಳವಾಗಿತ್ತು: ದೇವರ ಆಸ್ತಿ ಭಕ್ತಸಮುದಾಯಕ್ಕೆ ಸೇರಿದ್ದು, ಕೆಲವೇ ಕುಟುಂಬಗಳಿಗಲ್ಲ, ಅದರ ಲೆಕ್ಕವನ್ನು ಜನಪ್ರತಿನಿಧಿಗಳ ಸರ್ಕಾರ ಕೇಳಬೇಕು. ಎಸ್. ಸತ್ಯಮೂರ್ತಿಯವರಂಥ ವಿರೋಧಿಗಳಿಗೆ ಇದರಲ್ಲಿ ಪಕ್ಷರಾಜಕಾರಣವೇ ಕಂಡಿತು. ತೊಂಬತ್ತು ವರ್ಷಗಳ ಹಿಂದೆ ಮಿಷನರಿಗಳು ಆಡಿದ ಮಾತನ್ನು, ಅಂದರೆ ಸರ್ಕಾರ ಧರ್ಮಸಂಸ್ಥೆಗಳಿಂದ ದೂರವಿರಬೇಕೆಂಬುದನ್ನು, ಈಗ ಸಂಪ್ರದಾಯವಾದಿಗಳು ಆಡತೊಡಗಿದರು. ವಾದ ಅದೇ, ವಾದಿಗಳು ಬೇರೆ.

ಸಂವಿಧಾನ ರಚನಾ ಸಭೆಯ ಮುಂದೆ ಈ ವಿಷಯ ಬಂದಾಗ ಅದು ಹಣದ ಲೆಕ್ಕವನ್ನು ದಾಟಿ ವಿಶಾಲವಾಯಿತು. 1948ರ ಡಿಸೆಂಬರ್ ಮೊದಲ ವಾರದಲ್ಲಿ ನಡೆದ ಚರ್ಚೆಗಳನ್ನು ಓದಿದರೆ ಸಾರ್ವಜನಿಕ ಜೀವನದಲ್ಲಿ ಧರ್ಮದ ಅಭಿವ್ಯಕ್ತಿಯ ಬಗ್ಗೆ ಮುಂದೆ ದೇಶವನ್ನು ಕಾಡಿದ ಬಹುತೇಕ ಪ್ರಶ್ನೆಗಳು ಅಲ್ಲಿಯೇ ಎದ್ದಿದ್ದು ಕಾಣುತ್ತದೆ. ಪ್ರಭುತ್ವಕ್ಕೂ ಯಾವುದೇ ಧರ್ಮಕ್ಕೂ ಸಂಬಂಧವಿರಕೂಡದೆಂದು ಕೆ.ಟಿ. ಷಾ ತಿದ್ದುಪಡಿ ಸೂಚಿಸಿದರು. ಧರ್ಮವನ್ನು ಗುರುತಿಸಬಹುದಾದ ಚಿಹ್ನೆಯನ್ನಾಗಲಿ ಉಡುಪನ್ನಾಗಲಿ ಯಾರೂ ಧರಿಸಬಾರದು, ಅಂಥ ಹೆಸರನ್ನೂ ಇಟ್ಟುಕೊಳ್ಳಬಾರದು ಎಂದು ತಜಮ್ಮುಲ್ ಹುಸೇನ್ ಇನ್ನೂ ಮುಂದೆ ಹೋದರು. ‘ಪ್ರಸಾರ’ದ ಹಕ್ಕನ್ನು ಲೋಕನಾಥ ಮಿಶ್ರ ಕಟುವಾಗಿ ವಿರೋಧಿಸಿದರು. ಈ ಯಾವ ತಿದ್ದುಪಡಿಯೂ ಅಂಗೀಕಾರವಾಗಲಿಲ್ಲ.

ಈ ಸಭೆಯಲ್ಲಿ ಹರಿ ವಿಷ್ಣು ಕಾಮತರ ನಿಲುವು ವಿಶೇಷವಾಗಿ ಗಮನಿಸತಕ್ಕದ್ದು. ಅವರು ಹುಟ್ಟಿದ್ದು 1907ರಲ್ಲಿ ಮಂಗಳೂರಿನಲ್ಲಿ, ಐ.ಸಿ.ಎಸ್. ಹುದ್ದೆ ತೊರೆದು ಸ್ವಾತಂತ್ರ್ಯ ಚಳವಳಿಗೆ ಇಳಿದವರು. ಸಭೆಗೆ ಬಂದದ್ದು ಮಧ್ಯಪ್ರಾಂತ ಮತ್ತು ಬೇರಾರಿನಿಂದ. ಪ್ರಭುತ್ವವು ಯಾವುದೇ ಒಂದು ಧರ್ಮವನ್ನು ಸ್ಥಾಪಿಸಬಾರದು, ಅದಕ್ಕೆ ದತ್ತಿ ಕೊಡಬಾರದು, ಪೋಷಿಸಬಾರದು ಎಂಬ ತಿದ್ದುಪಡಿಯನ್ನು 1948ರ ಡಿಸೆಂಬರ್ 6ರಂದು ಮಂಡಿಸಿದವರು ಇವರೇ. ಆದರೆ ನಾಗರಿಕರಿಗೆ ಆಧ್ಯಾತ್ಮಿಕ ಶಿಕ್ಷಣ ಕೊಡಲು ಪ್ರಭುತ್ವಕ್ಕೆ ಅಡ್ಡಿಯಿರಬಾರದೆಂದೂ ಅದೇ ತಿದ್ದುಪಡಿ ಸೇರಿಸಿತು. 1949ರ ಅಕ್ಟೋಬರ್ 17ರಂದು ಪ್ರಸ್ತಾವನೆಯನ್ನು ದೇವರ ಹೆಸರಿನಲ್ಲಿ ಆರಂಭಿಸಬೇಕೆಂದು ಸೂಚಿಸಿದವರೂ ಕಾಮತರೇ. ಮತಕ್ಕೆ ಹಾಕಿದಾಗ ಪರ 41, ವಿರೋಧ 68. ದೇವರ ವಿಷಯ ಮತಕ್ಕೆ ಬರುವುದೇ ಸಂಕೋಚದ ಸಂಗತಿಯೆಂದು ಹಲವರಿಗೆ ಅನಿಸಿತ್ತು. ಕಾಮತರಲ್ಲಿ ಗೊಂದಲವಿತ್ತೆಂದು ಇದನ್ನು ತಳ್ಳಿಹಾಕುವುದು ಸುಲಭ. ವಾಸ್ತವದಲ್ಲಿ ಅವರ ನಿಲುವಿನಲ್ಲಿ ಒಂದು ಖಚಿತತೆ ಇದೆ: ಸರ್ಕಾರದ ಖಜಾನೆ ಮಠ–ಮಂದಿರಗಳಿಂದ ದೂರವಿರಲಿ, ದೇವರು ಮಾತ್ರ ದೂರವಾಗದಿರಲಿ. ಸಂಸ್ಥೆ ಬೇರೆ, ಶ್ರದ್ಧೆ ಬೇರೆ ಎಂಬ ಈ ವಿಂಗಡಣೆ ಕರಾವಳಿಯಲ್ಲಿ ಹುಟ್ಟಿದವರಿಗೆ ಹೊಸದಾಗಿರಲಾರದು.

ಕೊನೆಗೆ ಸಂವಿಧಾನವು ಆರಿಸಿಕೊಂಡ ದಾರಿ ಗೋಡೆಯದಲ್ಲ, ಗೆರೆಯದು. 25ನೆಯ ಅನುಚ್ಛೇದವು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಕೊಟ್ಟು, ಧಾರ್ಮಿಕ ಆಚರಣೆಯೊಡನೆ ಬೆರೆತ ಆರ್ಥಿಕ, ರಾಜಕೀಯ ಅಥವಾ ಇತರ ಲೌಕಿಕ ಚಟುವಟಿಕೆಯನ್ನು ನಿಯಂತ್ರಿಸುವ ಅಧಿಕಾರವನ್ನು ಸರ್ಕಾರಕ್ಕೆ ಉಳಿಸಿತು. ಸಾರ್ವಜನಿಕ ಸ್ವರೂಪದ ಹಿಂದೂ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯುವ ಅಧಿಕಾರವೂ ಅದರಲ್ಲಿಯೇ ಇದೆ. 26ನೆಯ ಅನುಚ್ಛೇದವು ಧರ್ಮದ ವಿಷಯಗಳಲ್ಲಿ ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ಹಕ್ಕನ್ನು ಪಂಥಗಳಿಗೆ ನೀಡಿತು. ಇಲ್ಲಿ ಒಂದು ಪದದ ಮಾತು. 1976ರಲ್ಲಿ ಪ್ರಸ್ತಾವನೆಗೆ ಸೇರಿದ ‘ಸೆಕ್ಯುಲರ್’ ಎಂಬುದಕ್ಕೆ ಕನ್ನಡದಲ್ಲಿ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂದು ಮೂರು ಬಗೆಯ ಮಾತುಗಳು ಬಳಕೆಯಲ್ಲಿವೆ. ಮೂರರ ಅರ್ಥವೂ ಒಂದಲ್ಲ. 1950ರ ಮೂಲ ಸಂವಿಧಾನದಲ್ಲಿ ಆ ಪದ ಬಂದದ್ದು 25ನೆಯ ಅನುಚ್ಛೇದದಲ್ಲಿ. ಅಲ್ಲಿ ಅದರ ಅರ್ಥ ‘ಲೌಕಿಕ’ ಎಂದಷ್ಟೇ. ಹಾಗಾದರೆ ಮಠವೊಂದರಲ್ಲಿ ಲೌಕಿಕವಾದುದು ಯಾವುದು? ಅಂಬೇಡ್ಕರರು 1948ರ ಡಿಸೆಂಬರ್ 2ರಂದು ಇದರ ಕಷ್ಟವನ್ನು ಸಭೆಯ ಮುಂದಿಟ್ಟಿದ್ದರು. ಈ ದೇಶದಲ್ಲಿ ಧರ್ಮವು ಹುಟ್ಟಿನಿಂದ ಸಾವಿನವರೆಗೆ ಬದುಕಿನ ಎಲ್ಲವನ್ನೂ ಆವರಿಸಿರುವುದರಿಂದ, ನಂಬಿಕೆ ಮತ್ತು ಮೂಲತಃ ಧಾರ್ಮಿಕವಾದ ವಿಧಿಗಳಿಗೆ ಮಾತ್ರ ಅದರ ವ್ಯಾಖ್ಯೆಯನ್ನು ಮಿತಿಗೊಳಿಸಬೇಕು, ಇಲ್ಲವಾದರೆ ಯಾವ ಸುಧಾರಣೆಯೂ ಸಾಧ್ಯವಾಗದು ಎಂಬುದು ಅವರ ವಾದದ ಸಾರ.

ಆ ಮಿತಿಯನ್ನು ಎಲ್ಲಿ ಎಳೆಯಬೇಕೆಂಬುದಕ್ಕೆ ಮೊದಲ ಪರೀಕ್ಷೆ ಉಡುಪಿಯಲ್ಲಿ ನಡೆಯಿತು. ಮಧ್ವಾಚಾರ್ಯರ ಶಿಷ್ಯಪರಂಪರೆಯ ಅಷ್ಟಮಠಗಳು ಕೃಷ್ಣನ ಪೂಜೆಯನ್ನು ಸರದಿಯಂತೆ ನಡೆಸುವ ಕ್ರಮವೇ ಪರ್ಯಾಯ. ವಾದಿರಾಜರ ಕಾಲದಿಂದ ಒಂದೊಂದು ಮಠಕ್ಕೆ ಎರಡು ವರ್ಷ. ಹೀಗಾಗಿ ಸರದಿ ಬರುವುದು ಹದಿನಾರು ವರ್ಷಕ್ಕೊಮ್ಮೆ. ಪರ್ಯಾಯದ ಎರಡು ವರ್ಷಗಳಲ್ಲಿ ಬಂದ ಭಕ್ತರಿಗೆಲ್ಲ ಅನ್ನಸಂತರ್ಪಣೆ ನಡೆಯಬೇಕು. ಅದಕ್ಕಾಗಿ ಬಹಳ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ನಡೆಯುತ್ತವೆ. ಮಧ್ವಸರೋವರದ ಬಳಿ ಸೌದೆಯನ್ನು ರಥದ ಆಕಾರದಲ್ಲಿ ಪೇರಿಸಿ ನಿಲ್ಲಿಸುವುದು ನೋಡುವಂಥ ಕೆಲಸ. ದಾಸ್ತಾನು ಮಾಡುವುದಕ್ಕೂ ಮುಹೂರ್ತವಿದೆ, ಒಟ್ಟಿದ ಸೌದೆಗೂ ರಥದ ರೂಪವಿದೆ. ಉಗ್ರಾಣದ ಲೆಕ್ಕ ಎಲ್ಲಿ ಮುಗಿದು ಪೂಜೆ ಎಲ್ಲಿ ಆರಂಭವಾಗುತ್ತದೆಂದು ಯಾವ ಅಧಿಕಾರಿಯೂ ಇಲ್ಲಿ ಸುಲಭವಾಗಿ ಹೇಳಲಾರ. ಮುಂದೆ ನಡೆದ ವ್ಯಾಜ್ಯದ ತಿರುಳು ಈ ಸೌದೆಯ ರಾಶಿಯಲ್ಲಿಯೇ ಇತ್ತೆಂದರೆ ತಪ್ಪಾಗದು.

ಶೀರೂರು ಮಠದ ಲಕ್ಷ್ಮೀಂದ್ರತೀರ್ಥರು 1919ರಲ್ಲಿ ಬಾಲ್ಯದಲ್ಲಿಯೇ ಪೀಠವೇರಿ, 1926ರ ಸುಮಾರಿಗೆ ಆಡಳಿತ ವಹಿಸಿಕೊಂಡರು. ಆಗಲೇ ಮಠಕ್ಕೆ ದೊಡ್ಡ ಸಾಲವಿತ್ತು. ಅದರಲ್ಲಿ ಬಹುಭಾಗವನ್ನು ಅವರು ತೀರಿಸಿದರೂ ಮೊದಲ ಪರ್ಯಾಯದ ವೆಚ್ಚ ಮತ್ತೆ ಸಾಲ ತಂದಿತು. ಎರಡನೆಯ ಪರ್ಯಾಯ ಬಂದದ್ದು 1946ರಲ್ಲಿ. ಯುದ್ಧಾನಂತರದ ಆ ದಿನಗಳಲ್ಲಿ ಪದಾರ್ಥಗಳ ಅಭಾವ, ಬೆಲೆಯೇರಿಕೆ ಎರಡೂ ಸೇರಿ ಸಾಲ ಸುಮಾರು ಒಂದು ಲಕ್ಷ ರೂಪಾಯಿಗೆ ಮುಟ್ಟಿತು. 1927ರ ಕಾನೂನಿನ ಬೋರ್ಡು ಮಧ್ಯೆ ಪ್ರವೇಶಿಸಿ, ಸಮರ್ಥ ಕಾರ್ಯನಿರ್ವಾಹಕನೊಬ್ಬನನ್ನು ನೇಮಿಸಿಕೊಳ್ಳುವಂತೆ ಸೂಚಿಸಿತು. ಅದರಂತೆ 1948ರ ಡಿಸೆಂಬರಿನಲ್ಲಿ ಒಬ್ಬ ಏಜೆಂಟನಿಗೆ ಅಧಿಕಾರಪತ್ರ ಬರೆದುಕೊಡಲಾಯಿತು. ಆತ ತಮಗೆ ಲೆಕ್ಕವನ್ನೇ ಒಪ್ಪಿಸುತ್ತಿಲ್ಲವೆಂದು ಸ್ವಾಮಿಗಳು 1950ರ ಸೆಪ್ಟೆಂಬರಿನಲ್ಲಿ ಅದನ್ನು ರದ್ದುಪಡಿಸಿ, ಮುಂದಿನ ತಿಂಗಳು ದಾವೆ ಹೂಡಿದರು. ಬೋರ್ಡು ದಾವೆಯ ಫಲಿತಾಂಶಕ್ಕೆ ಕಾಯದೆ, ಮಠದ ಆಡಳಿತ ಕೆಟ್ಟಿದೆ, ಸ್ಕೀಮು ರಚಿಸಬೇಕು ಎಂದು ನೋಟೀಸು ಕಳುಹಿಸಿತು. ಲೆಕ್ಕ ಕೇಳಲು ಬಂದ ವ್ಯವಸ್ಥೆಯ ವಿರುದ್ಧ ಮಠಾಧಿಪತಿಗಳೇ ಲೆಕ್ಕ ಕೇಳಿ ನ್ಯಾಯಾಲಯಕ್ಕೆ ಹೋಗಬೇಕಾದ ಸ್ಥಿತಿ ಇದು. ಪ್ರಕರಣ ಮದರಾಸು ಉಚ್ಚ ನ್ಯಾಯಾಲಯದಲ್ಲಿರುವಾಗಲೇ 1951ರ ಹೊಸ ಹಿಂದೂ ಧಾರ್ಮಿಕ ದತ್ತಿಗಳ ಕಾನೂನು ಜಾರಿಗೆ ಬಂದುದರಿಂದ ವಾದವು ಆ ಕಾನೂನಿನ ಸಿಂಧುತ್ವಕ್ಕೇ ತಿರುಗಿತು.

ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠದ ತೀರ್ಪನ್ನು 1954ರಲ್ಲಿ ಬರೆದವರು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ. ಒಂದು ಧರ್ಮದ ಅವಶ್ಯ ಭಾಗ ಯಾವುದೆಂಬುದನ್ನು ಪ್ರಧಾನವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂಬುದು ಅವರ ಮುಖ್ಯ ನಿರ್ಣಯ. ಇಂಥ ಹೊತ್ತಿಗೆ ದೇವರಿಗೆ ನೈವೇದ್ಯವಾಗಬೇಕು, ಇಂಥ ಕಾಲದಲ್ಲಿ ಇಂಥ ಉತ್ಸವ ನಡೆಯಬೇಕು ಎಂದು ಒಂದು ಪಂಥ ಹೇಳಿದರೆ ಅದೆಲ್ಲವೂ ಧರ್ಮವೇ. ಹಣ ಖರ್ಚಾಗುತ್ತದೆ, ಪೇಟೆಯ ಸಾಮಾನು ಬಳಕೆಯಾಗುತ್ತದೆ ಎಂಬ ಕಾರಣಕ್ಕೆ ಅದು ಲೌಕಿಕವಾಗದು. ಆದರೆ ವೆಚ್ಚ ಎಷ್ಟಿರಬೇಕೆಂಬ ಪ್ರಮಾಣ ಆಸ್ತಿಯ ಆಡಳಿತಕ್ಕೆ ಸೇರಿದ್ದು. ಅದನ್ನು ಕಾನೂನು ನಿಯಂತ್ರಿಸಬಹುದು. ಕಮಿಷನರೂ ಅವನ ಕೈಕೆಳಗಿನವರೂ ಮಠದ ಯಾವ ಭಾಗವನ್ನಾದರೂ ಪ್ರವೇಶಿಸುವ ಅಧಿಕಾರ, ಸ್ವಾಮಿಗಳಿಗೆ ಬಂದ ಪಾದಕಾಣಿಕೆಯ ಮೇಲಿನ ನಿಯಂತ್ರಣ, ಕಾರ್ಯನಿರ್ವಾಹಕನನ್ನು ಹೇರುವ ಅಧಿಕಾರ ಇವೆಲ್ಲ ಅಸಿಂಧುವಾದವು. ಮಠಗಳಿಂದ ಪಡೆಯುವ ವಾರ್ಷಿಕ ವಂತಿಗೆ ಸೇವೆಗೆ ಪ್ರತಿಯಾದ ಶುಲ್ಕವಲ್ಲ, ತೆರಿಗೆ. ಅದನ್ನು ವಿಧಿಸಲು ರಾಜ್ಯಕ್ಕೆ ಅಧಿಕಾರವಿಲ್ಲವೆಂದೂ ನಿರ್ಣಯವಾಯಿತು. ಮಠಕ್ಕೆ ಇದು ಗೆಲುವು. ಆದರೆ ಗೆಲುವಿನ ಜೊತೆಗೆ ಬಂದ ಮಾತೊಂದರ ಪರಿಣಾಮವನ್ನು ಅಂದು ಯಾರೂ ಪೂರ್ತಿಯಾಗಿ ಊಹಿಸಿರಲಾರರು. ಧರ್ಮದಲ್ಲಿ ‘ಅವಶ್ಯ’ವಾದುದು ಒಂದಿದೆ ಎಂದ ಮೇಲೆ ಅವಶ್ಯವಲ್ಲದ್ದೂ ಒಂದಿರಬೇಕು, ಎರಡನ್ನೂ ಬೇರ್ಪಡಿಸುವವರು ನ್ಯಾಯಾಲಯದಲ್ಲಿ ಕುಳಿತಿರುತ್ತಾರೆ.

ಮೂಲ್ಕಿಯ ಪ್ರಕರಣದಲ್ಲಿ ಪಣಕ್ಕಿದ್ದುದು ಹಣವಲ್ಲ, ಮನುಷ್ಯರು. ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟವರಿಗೆ ದೇವಾಲಯಗಳನ್ನು ತೆರೆಯುವ ಮದರಾಸಿನ 1947ರ ದೇವಾಲಯ ಪ್ರವೇಶ ಕಾನೂನು ತಮಗೆ ಅನ್ವಯಿಸದೆಂದು, ಅದು ಗೌಡಸಾರಸ್ವತ ಬ್ರಾಹ್ಮಣರ ಪಂಥದ ದೇವಸ್ಥಾನವೆಂದು, ವೆಂಕಟರಮಣ ದೇವಸ್ಥಾನದ ಮೊಕ್ತೇ‍ಸರರು 1949ರಲ್ಲಿ ದಾವೆ ಹೂಡಿದ್ದರು. ದಾವೆ ಮುಗಿಯುವಷ್ಟರಲ್ಲಿ ರಾಜ್ಯವೇ ಬದಲಾಗಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಮದರಾಸಿನ ಕಾನೂನಿನ ಮೇಲಿನ ವ್ಯಾಜ್ಯದಲ್ಲಿ ಪ್ರತಿವಾದಿಯಾದದ್ದು ಮೈಸೂರು. 1957ರ ನವೆಂಬರಿನಲ್ಲಿ ನ್ಯಾಯಮೂರ್ತಿ ವೆಂಕಟರಾಮ ಅಯ್ಯರರು ಬರೆದ ತೀರ್ಪು ಮೊಕ್ತೇಸರರ ಎರಡು ವಾದಗಳನ್ನು ಒಪ್ಪಿತು. ಅದು ಪಂಥದ ದೇವಸ್ಥಾನವೇ. ಯಾರು ಒಳಗೆ ಬರಬೇಕೆಂಬುದು ಆಗಮಗಳ ಪ್ರಕಾರ ಧರ್ಮದ ವಿಷಯವೇ. ಆದರೂ ಎಲ್ಲ ಹಿಂದೂಗಳಿಗೂ ದೇವಾಲಯ ತೆರೆಯುವ 25ನೆಯ ಅನುಚ್ಛೇದದ ಅಧಿಕಾರವು ಪಂಥದ ಹಕ್ಕನ್ನು ಮೀರಿ ನಿಲ್ಲುತ್ತದೆಂದು ಅದು ಹೇಳಿತು. ಪಂಥದವರಿಗೇ ಮೀಸಲಾದ ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಇತರರನ್ನು ಹೊರಗಿಡಬಹುದೆಂಬ ರಿಯಾಯಿತಿ ದೊರೆಯಿತು. ಶೀರೂರು ತೀರ್ಪಿಗಿಂತ ಇದರ ಪ್ರಾಮಾಣಿಕತೆ ಹೆಚ್ಚಿನದೆನ್ನಬೇಕು. ಹೊರಗಿಡುವುದು ಧರ್ಮವೇ ಅಲ್ಲವೆಂದು ಶಾಸ್ತ್ರಾರ್ಥ ಬದಲಿಸುವ ಸುಲಭದ ದಾರಿಯನ್ನು ನ್ಯಾಯಾಲಯ ಹಿಡಿಯಲಿಲ್ಲ. ಅದು ಧರ್ಮವೇ ಇರಬಹುದು, ಆದರೆ ಸಂವಿಧಾನ ಅದಕ್ಕೆ ಅವಕಾಶ ಕೊಡುವುದಿಲ್ಲ ಎಂದಿತು. ಮುಂದಿನ ತೀರ್ಪುಗಳು ಈ ದಾರಿಯನ್ನು ಅನುಸರಿಸಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು.

ಆದರೆ 1961ರ ಅಜ್ಮೀರ್ ದರ್ಗಾ ಸಮಿತಿಯ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರರು ಬೇರೆ ಹಾದಿ ಹಿಡಿದರು. ಧರ್ಮದ ಅವಶ್ಯ ಹಾಗೂ ಅವಿಭಾಜ್ಯ ಅಂಗವಾಗಿದ್ದರೆ ಮಾತ್ರ ಆಚರಣೆಗೆ ರಕ್ಷಣೆ. ಮೂಢನಂಬಿಕೆಯಿಂದ ಬಂದು ಸೇರಿಕೊಂಡುದಕ್ಕೆ ಇಲ್ಲ ಎಂಬ ನಿಲುವಿನಿಂದ, ಯಾವುದು ಧರ್ಮ ಯಾವುದು ಮೌಢ್ಯ ಎಂದು ಜರಡಿ ಹಿಡಿಯುವ ಕೆಲಸ ನ್ಯಾಯಾಲಯಕ್ಕೆ ಬಂದಿತು. ಶೀರೂರು ಮತ್ತು ದರ್ಗಾ ತೀರ್ಪುಗಳ ನಡುವೆ ವಿರೋಧವಿರುವಂತೆ ತೋರುತ್ತದೆಂದು ಶಬರಿಮಲೆ ಪ್ರಕರಣದ ಮರುಪರಿಶೀಲನೆಯ ಸಂದರ್ಭದಲ್ಲಿ, 2019ರ ನವೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯವೇ ಗುರುತಿಸಿ ಹಿರಿಯ ಪೀಠದ ಪರಿಶೀಲನೆಗೆ ಒಪ್ಪಿಸಿತು.

ಕರ್ನಾಟಕದೊಳಗೆ ಹಳೆಯ ಗಡಿಗಳು ಕಾನೂನಿನಲ್ಲಿ ಬಹುಕಾಲ ಉಳಿದವು. ಏಕೀಕರಣವಾದ ನಾಲ್ಕು ದಶಕಗಳ ಮೇಲೂ ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಭಾಗಗಳ ದೇವಸ್ಥಾನಗಳು ಬೇರೆ ಬೇರೆ ಕಾನೂನುಗಳ ಅಧೀನದಲ್ಲಿದ್ದವು. ಇವನ್ನು ಒಂದುಗೂಡಿಸಲು ತಂದ 1997ರ ಕಾನೂನು 2003ರಲ್ಲಿ ಜಾರಿಗೆ ಬಂದಿತು. ಮಠಗಳನ್ನೂ ಅವುಗಳಿಗೆ ಸೇರಿದ ದೇವಸ್ಥಾನಗಳನ್ನೂ ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಶೀರೂರು ತೀರ್ಪಿನ ನೆರಳು ಇಲ್ಲಿ ಕಾಣುತ್ತದೆ. ಆದರೆ ಕೆಲವರನ್ನು ಒಳಗಿಟ್ಟು ಕೆಲವರನ್ನು ಹೊರಗಿಟ್ಟ ಈ ಭೇದವೂ ಒಂದು ಕಾರಣವಾಗಿ ಕರ್ನಾಟಕ ಉಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರಿನಲ್ಲಿ ಆ ಕಾನೂನನ್ನು ರದ್ದುಗೊಳಿಸಿತು. ರಾಜ್ಯ ಸರ್ಕಾರ ಮೇಲ್ಮನವಿ ಸಲ್ಲಿಸಿತು. 2011ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು.

1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಕಾಲು ಶತಮಾನದ ಬಳಿಕ, ಅಲ್ಲಿನ ಸರ್ಕಾರಿ ಪದವಿಪೂರ್ವ ಕಾಲೇಜೊಂದರ ಮುಸ್ಲಿಂ ವಿದ್ಯಾರ್ಥಿನಿಯರು ತರಗತಿಯಲ್ಲಿ ಹಿಜಾಬ್ ಧರಿಸಲು ಅವಕಾಶ ಕೇಳಿದಾಗ, ತಜಮ್ಮುಲ್ ಹುಸೇನರ ತಿದ್ದುಪಡಿಯೊಡನೆ 1948ರಲ್ಲಿಯೇ ಬಿದ್ದುಹೋಗಿದ್ದ ಉಡುಪಿನ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತು. ಸಮವಸ್ತ್ರದ ಕುರಿತು ರಾಜ್ಯ ಸರ್ಕಾರದ ಆದೇಶ 2022ರ ಫೆಬ್ರವರಿ 5ರಂದು ಹೊರಟಿತು. ಮಠದ ಉಗ್ರಾಣದ ವ್ಯಾಜ್ಯದಲ್ಲಿ, ಸರ್ಕಾರದ ಅಧಿಕಾರಿಯನ್ನು ಮಿತಿಯಲ್ಲಿಡಲು ಹುಟ್ಟಿದ ‘ಅವಶ್ಯ’ ಎಂಬ ಅಳತೆಗೋಲನ್ನು ಈಗ ಹದಿಹರೆಯದ ವಿದ್ಯಾರ್ಥಿನಿಯರು ತಮ್ಮ ತಲೆಯ ಮೇಲಿನ ಬಟ್ಟೆಗೆ ಹಿಡಿದು ತೋರಿಸಬೇಕಾಯಿತು. ಹಿಜಾಬ್ ಇಸ್ಲಾಮಿನ ಅವಶ್ಯ ಆಚರಣೆಯಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ 2022ರ ಮಾರ್ಚ್ 15ರಂದು ಹೇಳಿ ಆದೇಶವನ್ನು ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ಅದೇ ವರ್ಷ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತ ಮೇಲ್ಮನವಿಗಳನ್ನು ವಜಾಗೊಳಿಸಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವುಗಳನ್ನು ಪುರಸ್ಕರಿಸಿ, ಅವಶ್ಯ ಆಚರಣೆ ಹೌದೇ ಅಲ್ಲವೇ ಎಂಬ ವಿಚಾರಣೆಗೆ ಈ ಪ್ರಕರಣದಲ್ಲಿ ಇಳಿಯಬೇಕಾಗಿಯೇ ಇರಲಿಲ್ಲ, ಅದು ಆ ಹುಡುಗಿಯರ ಆಯ್ಕೆಯ ವಿಷಯ ಎಂದರು. ಪ್ರಕರಣವನ್ನು ಸೂಕ್ತ ಪೀಠದ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಆದೇಶವಾಯಿತು.